ಪೈಗೆ ತಂತಿ ಚುಚ್ಚುವ ಮುನ್ನ

ರಾಸ್ಪ್‌ಬೆರಿ ಪೈ ಕೈಗೆ ಬಂದ ಖುಷಿಯಲ್ಲಿ ಅವತ್ತೇ ಅದರೊಳಗೆ ಲ್ಯಾಬ್‌ವ್ಯೂ ಎಂಬ ಪ್ರೋಗ್ರಾಮಿಂಗ್ ತಂತ್ರಾಂಶ ಹಾಕಲು ಕೂರಬೇಡಿ, ತುಸು ತಾಳಿ. ಪೈನಲ್ಲಿರುವುದು ಆರ್ಮ್ ಪ್ರೊಸೆಸರ್. ಇಂಟೆಲ್ ಬಗೆಯ ಪಿಸಿಗೆಂದು ಮಾಡಿದ ತಂತ್ರಾಂಶ ಅಲ್ಲಿ ಹಾಗೆಯೇ ಓಡುವುದಿಲ್ಲ. ಚಿತ್ರ ಬಿಡಿಸಿದಂತೆ ಪ್ರೋಗ್ರಾಂ ಜೋಡಿಸುವ ಕೆಲಸವೆಲ್ಲ ನಿಮ್ಮ ಪಿಸಿಯಲ್ಲೇ; ಸಿದ್ಧವಾದದ್ದನ್ನು ಲಿಂಕ್ಸ್ ಎಂಬ ಟೂಲ್‌ಕಿಟ್ ಮೂಲಕ ಪೈಗೆ ಕಳಿಸಬೇಕು. 2020ರಲ್ಲಿ ಬಂದ ಲ್ಯಾಬ್‌ವ್ಯೂ ಕಮ್ಯುನಿಟಿ ಆವೃತ್ತಿ ಹವ್ಯಾಸಿಗಳಿಗೆ ಉಚಿತ, ವ್ಯಾಪಾರಕ್ಕಲ್ಲ. ನಿಮ್ಮ ಬೋರ್ಡಿನ ಮಾದರಿಗೆ ಬೆಂಬಲವಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ನನಗೆ ನಿಜವಾಗಿ ಸಂಕಟವಾಗುವುದು ಸುಟ್ಟ ಬೋರ್ಡ್ ಕಂಡಾಗ. ಪರದೆಯ ಮೇಲೆ ಎಲ್ಲವೂ ಅಚ್ಚುಕಟ್ಟಾಗಿ ಕಾಣುವುದರಿಂದ ತಂತಿಯ ಕಡೆ ಗಮನ ತಪ್ಪುತ್ತದೆ. ಆರ್ಡುಯಿನೋ ಊನೋ ಬೋರ್ಡ್ 5 ವೋಲ್ಟ್ ತಾಳಿಕೊಳ್ಳುತ್ತದೆ. ಪೈನ ಪಿನ್ನುಗಳಿಗೆ 3.3 ವೋಲ್ಟೇ ಮಿತಿ. ದೂರ ಅಳೆಯುವ ಎಚ್‌ಸಿ-ಎಸ್‌ಆರ್‌04 ಸೆನ್ಸರನ್ನೇ ನೋಡಿ, ಅದರ ಎಕೋ ಪಿನ್ನು 5 ವೋಲ್ಟ್ ಕೊಡುತ್ತದೆ. ಎಕೋದಿಂದ ಪೈಗೆ 1 ಕಿಲೋ ಓಮ್, ಪೈ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಅದು ಸುಮಾರು 3.3ಕ್ಕೆ ಇಳಿಯುತ್ತದೆ. ಎರಡು ರೂಪಾಯಿಯ ಈ ಕೆಲಸಕ್ಕೆ ದಯವಿಟ್ಟು ಸೋಮಾರಿತನ ಮಾಡಬೇಡಿ.

ಇನ್ನು ಪೈನಲ್ಲಿ ಅನಲಾಗ್ ಇನ್‌ಪುಟ್ ಇಲ್ಲವೇ ಇಲ್ಲ, ಅನಲಾಗನ್ನು ಡಿಜಿಟಲ್ ಮಾಡುವ ಎಡಿಸಿ ಚಿಪ್ ಬೇರೆ ಬೇಕು. ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿ ಅನಲಾಗ್ ಇನ್‌ಪುಟ್ ಇದೆ, ಆದರೆ ಅದರ ಮಿತಿ 1.8 ವೋಲ್ಟ್ ಮಾತ್ರ! ಮಲ್ಟಿಮೀಟರ್ ಮುಟ್ಟಿಸಿ ಅಳೆದುಕೊಂಡೇ ತಂತಿ ಚುಚ್ಚಿ. ತಂತಿ ಬದಲಿಸುವಾಗ ಬೋರ್ಡನ್ನು ಶಟ್‌ಡೌನ್ ಮಾಡಿ, ಪವರ್ ಕಿತ್ತಿಡಿ.