ರಾತ್ರಿಯಿಡೀ ಒಲೆ ಮುಂದಿದ್ದವರಿಗೆ

ವಿಜಯದಶಮಿ ಕಳೆದು ಬರುವ ಹುಣ್ಣಿಮೆಗೆ ಮಲೆನಾಡಿನ ರೈತರು ಭೂಮಿ ಹುಣ್ಣಿಮೆ ಮಾಡುತ್ತಾರೆ. ತೆನೆ ಕಟ್ಟುವ ಗದ್ದೆಯನ್ನು ತುಂಬು ಬಸುರಿಯೆಂದು ಭಾವಿಸಿ ಬಯಕೆ ತೀರಿಸುವ ಹಬ್ಬ. ಹೆಂಗಸರು ನಿದ್ದೆಗೆಟ್ಟು ಬಗೆಬಗೆಯ ಸೊಪ್ಪು ಬೇಯಿಸಿ, ಅನ್ನ ಬೆರೆಸಿ ಚರಗ ಸಿದ್ಧ ಮಾಡುತ್ತಾರೆ. ಬೆಳಗಿನ ಜಾವ ಗಂಡಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಬೀರುತ್ತಾರೆ. ಚೆಂದದ ಹಬ್ಬವೇ. ನನ್ನದೊಂದೇ ತಕರಾರು: ಭೂಮಿಗೆ ಉಣಿಸಿದ ಮೇಲೆ, ಒಲೆ ಮುಂದಿದ್ದವರಿಗೆ ಮೊದಲ ಎಲೆ ಹಾಕುವವರು ಎಷ್ಟು ಮಂದಿ? ಈ ಸಲ ನೀವು ಹಾಕಿ. ಅಮ್ಮನೋ ಅತ್ತಿಗೆಯೋ ಕೂತಿರಲಿ, ಕಡುಬು ನೀವೇ ಬಡಿಸಿ. “ನಂಗ್ಯಾಕೆ, ಮೊದ್ಲು ನೀವು ಉಣ್ಣಿ” ಅಂತ ಎದ್ದರೆ ಬಿಡಬೇಡಿ. ಮನೆಯವರಿಗೆ ಥ್ಯಾಂಕ್ಸ್ ಹೇಳುವುದು ನಮಗೆ ರೂಢಿಯಿಲ್ಲ, ಹೇಳಿದರೂ ಅವರಿಗೇ ಮುಜುಗರ. ಸೊಪ್ಪಿನ ಪಲ್ಯಕ್ಕೆ ಏನೇನು ಹಾಕಿದ್ರಿ ಎಂದು ಕೇಳಿ, ಸಾಕು. ಪಾತ್ರೆ ಮಾತ್ರ ಅವತ್ತು ನೀವೇ ತೊಳೆಯಿರಿ.