ವೀಲ್‌ಚೇರ್ ಮೇಲೆ ಬಿಲ್ಲುಗಾರಿಕೆ

ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ ಅಂತ ನಾವೆಲ್ಲ ಓದಿದ್ದೇವೆ. ಆ ಒತ್ತಡವೇ ಒಂದು ಕಾಲಕ್ಕೆ ಜೀವ ತೆಗೀತಿತ್ತು. ಬ್ರಿಟನ್ನಿನಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಮಲಗಿದಲ್ಲೇ ಹುಣ್ಣಾಗಿ, ಮೂತ್ರದ ಸೋಂಕು ತಗಲಿ ಸಾಯುತ್ತಿದ್ದರು.

ನಾಜಿ ಜರ್ಮನಿಯಿಂದ ಪಾರಾಗಿ ಬಂದಿದ್ದ ಡಾ. ಲುಡ್ವಿಗ್ ಗಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವಿಶೇಷ ವಿಭಾಗ ಶುರುಮಾಡಿದರು. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿದರು; ಒಂದೇ ಜಾಗಕ್ಕೆ ಭಾರ ಬೀಳೋದು ತಪ್ಪಿತು. ಜೊತೆಗೆ ವ್ಯಾಯಾಮ, ಆಟ. ಬಿಲ್ಲುಗಾರಿಕೆಯೇ ಯಾಕೆ? ಕೂತಲ್ಲೇ ಆಡಬಹುದು, ತೋಳು, ಭುಜ ಗಟ್ಟಿಯಾಗುತ್ತೆ.

1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ ಅಲ್ಲಿ 16 ಮಂದಿ ವೀಲ್‌ಚೇರ್‌ನಲ್ಲಿ ಕೂತು ಬಾಣ ಬಿಟ್ಟರು. ಅದೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ನಾಳೆ ಪ್ರಾಜೆಕ್ಟಿಗೆ ವೀಲ್‌ಚೇರ್ ವಿನ್ಯಾಸ ಮಾಡುವಾಗ ನಮಗಿದು ನೆನಪಿರಲಿ: ಅದರಲ್ಲಿ ಕೂರುವವರು ಆಟಗಾರರೂ ಆಗಬಹುದು.