ಬರೆದದ್ದು ಮತ್ತೆ ಕೈಗೆ ಸಿಗಬೇಕು

ಸ್ತ್ರೀಶಕ್ತಿ ಸಂಘದ ಕಾಗದಪತ್ರವೆಲ್ಲ ಇನ್ನು ನಿನ್ನ ಪಾಲಿಗೆ ಬಂತು ಅಂತ ಕೇಳಿ ಖುಷಿಯಾಯಿತು ಮಗಳೇ. ನಿಮ್ಮಣ್ಣನ ಹಳೇ ಲ್ಯಾಪ್‌ಟಾಪ್ ಸಾಕಾ, ಯಾವ ಕೋರ್ಸಿಗೆ ಸೇರಲಿ, ಯಾವ ಆಂಟಿವೈರಸ್ ಹಾಕಿಸಲಿ ಅಂತ ಫೋನಿನಲ್ಲಿ ಒಂದೇ ಉಸಿರಿಗೆ ಕೇಳಿದೆ. ಲ್ಯಾಪ್‌ಟಾಪ್ ಸಾಕು. ಕೋರ್ಸು ಬೇಡ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ನಿನ್ನ ಕೆಲಸಕ್ಕೆ ಧಾರಾಳವಾಯಿತು, ಆಂಟಿವೈರಸ್ಸಿಗೆ ದುಡ್ಡು ಸುರಿಯಬೇಡ. ಉಳಿದದ್ದನ್ನು ನಿಧಾನವಾಗಿ ಬರೆಯೋಣ ಅಂತ ಕೂತಿದ್ದೇನೆ.

ಇಷ್ಟು ವರ್ಷ ಡಿಟಿಪಿ ಅಂಗಡಿಯಲ್ಲಿ ಕೂತು ಕಂಡದ್ದೊಂದು ಮಾತು ಹೇಳುತ್ತೇನೆ. ಕಂಪ್ಯೂಟರಿಗೆ ತುಂಬುವುದನ್ನು ಜನ ಬೇಗ ಕಲಿಯುತ್ತಾರೆ. ತುಂಬಿದ್ದು ಬೇಕೆಂದಾಗ ಸಿಗುವ ಹಾಗೆ ಇಡುವುದನ್ನು ಯಾರೂ ಕಲಿಸುವುದಿಲ್ಲ. ನೀನು ಇವತ್ತು ಬರೆದ ನಡಾವಳಿ ಹತ್ತು ವರ್ಷ ಕಳೆದ ಮೇಲೆ, ಬೇರೆ ಕಂಪ್ಯೂಟರಿನಲ್ಲಿ, ನಿನ್ನನ್ನು ಕಂಡೇ ಇರದವರಿಗೂ ಓದಲು ಸಿಗಬೇಕು. ಈ ಒಂದನ್ನು ತಲೆಯಲ್ಲಿಟ್ಟುಕೊಂಡರೆ ಏನು ಕಲಿಯಬೇಕು, ಏನು ಬಿಡಬೇಕು ಅನ್ನುವುದು ನಿನಗೇ ಗೊತ್ತಾಗುತ್ತದೆ.

ಮೊದಲು ಕನ್ನಡದ ವಿಷಯ. ಪೆನ್‌ಡ್ರೈವ್ ಹಿಡಿದುಕೊಂಡು ನಮ್ಮ ಅಂಗಡಿಗೆ ಬರುವವರು ಇವತ್ತಿಗೂ ಇದ್ದಾರೆ. ದೇವಸ್ಥಾನದ ಟ್ರಸ್ಟಿನ ಹಳೇ ವರದಿ, ಯಾರದೋ ತಾಯಿ ಬರೆಸಿದ ಹಾಡಿನ ಸಂಗ್ರಹ, ನಿವೃತ್ತ ಮೇಷ್ಟ್ರ ಪ್ರಬಂಧ. ಫೈಲು ತೆರೆದರೆ ಕನ್ನಡ ಇರುವುದಿಲ್ಲ, ತಲೆಯ ಮೇಲೆ ಗೀಟು, ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ನಿಂತಿರುತ್ತವೆ. ಫೈಲು ಕೆಟ್ಟಿರುವುದಿಲ್ಲ. ಹಳೇ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆ ಅಂತ ಬೇರೆ ಸಂಕೇತ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು, ಎಂದರೆ ತಲೆಕಟ್ಟು, ಇಳಿ, ಒತ್ತುಗಳನ್ನು ಕೂರಿಸಿದ್ದರು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಫಾಂಟು ಹೋಯಿತೋ, ಕನ್ನಡವೂ ಹೋಯಿತು. ಇಡೀ ಫೈಲಿನಲ್ಲಿ ಒಂದು ಹೆಸರು ಹುಡುಕಬೇಕೆಂದರೂ ಆಗುವುದಿಲ್ಲ.

ಯೂನಿಕೋಡ್ ಬಂದು ಈ ತೊಂದರೆ ನೀಗಿಸಿತು. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅಲ್ಲಿ ಅದರದೇ ಸಂಖ್ಯೆ ಇದೆ, ಕನ್ನಡಕ್ಕೆ ಅಂತಲೇ 128 ಜಾಗ ಮೀಸಲು. ಆ ಸಂಖ್ಯೆಯಲ್ಲಿ ಕೂತ ಕನ್ನಡ ಯಾವ ಫೋನಿನಲ್ಲಾದರೂ, ಯಾವ ಇ-ಮೇಲಿನಲ್ಲಾದರೂ ಕನ್ನಡವಾಗಿಯೇ ತೆರೆಯುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಎರಡೂ ಬಗೆ ಇರುವುದರಿಂದ, ಟೈಪು ಶುರು ಮಾಡುವ ಮುಂಚೆ ಯಾವುದು ಆರಿಸಿದೆ ಅಂತ ಒಮ್ಮೆ ನೋಡಿಕೋ. ಅನುಮಾನ ಬಂದರೆ ಸುಲಭದ ಪರೀಕ್ಷೆಯೊಂದಿದೆ. ಬರೆದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡು. ಕನ್ನಡ ಬಂದರೆ ಯೂನಿಕೋಡ್. ಇಂಗ್ಲಿಷಿನ ಗೀಟುಗಳು ಬಂದರೆ ಅಲ್ಲಿಗೇ ನಿಲ್ಲಿಸು. ಸಂಘದ ಹಳೇ ಫೈಲುಗಳು ಹಾಗೇನಾದರೂ ಇದ್ದರೆ ಎಸೆಯಬೇಡ, ಹೊಸದಾಗಿ ಟೈಪು ಮಾಡಿಸಲೂ ಬೇಡ. ಹಳೇ ಬಗೆಯಿಂದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಲ್ಲೊಂದು ಇಲ್ಲೊಂದು ಅರ್ಕಾವತ್ತು ತಪ್ಪಬಹುದು, ಒಂದು ಸಲ ಓದಿ ತಿದ್ದಿಕೊಂಡರಾಯಿತು. ಪ್ರೆಸ್ಸಿನವರು ತಮ್ಮ ಹಳೇ ಪುಟವಿನ್ಯಾಸದ ತಂತ್ರಾಂಶಕ್ಕಾಗಿ ಹಳೇ ಬಗೆಯನ್ನೇ ಕೇಳಿದರೆ ಅವರಿಗೊಂದು ಪ್ರತಿ ಬದಲಾಯಿಸಿ ಕೊಡು, ಮೂಲ ಮಾತ್ರ ಯೂನಿಕೋಡ್‌ನಲ್ಲೇ ನಿನ್ನ ಬಳಿ ಇರಲಿ.

ಟೈಪಿಂಗಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೇ ಕಲಿ ಅನ್ನುತ್ತೇನೆ. ನುಡಿಯ ಕೀಲಿಮಣೆ ನಿಂತಿರುವುದೂ ಅದರ ಮೇಲೆಯೇ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ‘ಕನ್ನಡ’ ಅಂತ ಬರೆಯಲು ಏಳು ಕೀಲಿ ಒತ್ತಬೇಕು. ಇಲ್ಲಿ ಐದೇ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಒತ್ತಿದರೆ ಹಿಂದಿನ ಅಕ್ಷರದ ಅಕಾರ ಹೋಗಿ ಮುಂದಿನದು ಒತ್ತಕ್ಷರವಾಗಿ ಕೆಳಗೆ ಕೂರುತ್ತದೆ. ನಮ್ಮ ಅಕ್ಷರ ಕೂಡುವ ಬಗೆ ಬಲ್ಲವರು ಕಟ್ಟಿದ ವಿನ್ಯಾಸ ಅದು, ಬೆರಳಿಗೆ ಹತ್ತಿದ ಮೇಲೆ ಬೇರೆ ಯಾವುದೂ ರುಚಿಸುವುದಿಲ್ಲ. ಮೊದಲ ದಿನಗಳಲ್ಲಿ ಬೇಸರವಾದರೆ ತಡೆದುಕೋ.

ಮೀಟಿಂಗು ಮುಗಿಸಿ ಬಂದ ರಾತ್ರಿ ಟೈಪು ಮಾಡುವ ಶಕ್ತಿ ಇಲ್ಲದಿದ್ದರೆ ಬಾಯಲ್ಲೇ ಹೇಳು. ಕ್ರೋಮ್ ಬ್ರೌಸರಿನಲ್ಲಿ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ, ಭಾಷೆ ಕನ್ನಡ ಅಂತ ಆರಿಸಿದರೆ ನೀನು ಹೇಳಿದ್ದು ಬರಹವಾಗಿ ಮೂಡುತ್ತದೆ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ನೀನೇ ಹಾಕಿಕೊಳ್ಳಬೇಕು. ಹೆಸರು ಮತ್ತು ಮೊತ್ತಗಳನ್ನಂತೂ ಕಣ್ಣಿಟ್ಟು ನೋಡು. ಸಾಲದ ಬಾಬ್ತಿನಲ್ಲಿ ಒಂದು ಸೊನ್ನೆ ಆಚೀಚೆಯಾದರೆ ಮುಂದಿನ ಸಭೆಯಲ್ಲಿ ಜಗಳ. ಇಲಾಖೆಯಿಂದ ಬಂದ ಅಚ್ಚಾದ ಸುತ್ತೋಲೆಯನ್ನು ನಕಲು ಮಾಡಬೇಕಾದರೆ ನೆಟ್ಟಗೆ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕು, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆ. ಚಿತ್ರದ ಕೆಳಗೆ ಅಕ್ಷರಗಳು ಬಂದು ನಿಂತಿರುತ್ತವೆ. ಕೈಬರಹಕ್ಕೆ ಮಾತ್ರ ಇದನ್ನು ನಂಬಬೇಡ.

ಬ್ಯಾಂಕಿನವರ ಪತ್ರದಲ್ಲಿ ಅರ್ಥವಾಗದ ಪದ ಬಂದಾಗ ಕನ್ನಡದ ಹಲವು ಪದಕೋಶಗಳನ್ನು ಒಟ್ಟು ಮಾಡಿಟ್ಟ ‘ಪದಕಣಜ’ ಜಾಲತಾಣ ಇದೆ. ಕನ್ನಡ ಪದಕ್ಕೆ ಇಂಗ್ಲಿಷ್ ಬೇಕಾದರೆ ‘ಅಲರ್’ ನೋಡು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ಪದಗಳ ನಿಘಂಟು ಅದು. 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಅಂಥ ದುಡಿಮೆ ಬಿಡಿಕಾಸಿಲ್ಲದೆ ನಿನ್ನ ಫೋನಿನಲ್ಲಿ ತೆರೆದುಕೊಳ್ಳುತ್ತದೆ ಅಂದರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಇನ್ನು ಫೈಲಿಗೆ ಹೆಸರಿಡುವ ವಿಚಾರ. ‘ಹೊಸದು’, ‘ಫೈನಲ್’, ‘ಫೈನಲ್ ಎರಡು’ ಇವೆಲ್ಲ ಹೆಸರೇ ಅಲ್ಲ. ವರ್ಷ, ತಿಂಗಳು, ದಿನ, ಆಮೇಲೆ ವಿಷಯ: ‘2026-04-12 ಮಾಸಿಕ ಸಭೆ ನಡಾವಳಿ’. ವರ್ಷ ಮೊದಲು ಬಂದರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದೊಂದು ವರ್ಷಕ್ಕೂ ಒಂದು ಫೋಲ್ಡರ್ ಸಾಕು, ಫೋಲ್ಡರಿನೊಳಗೆ ಫೋಲ್ಡರ್ ಮಾಡುತ್ತಾ ಹೋಗಬೇಡ. ಲೆಕ್ಕದ ಹಾಳೆಯಲ್ಲಿ ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿ ತಂದು ಬರೆಯಬಾರದು, ಸಮ್ ಸೂತ್ರ ಹಾಕು. ಮೇಲಿನ ಅಂಕಿ ತಿದ್ದಿದರೆ ಮೊತ್ತವೂ ತಾನೇ ತಿದ್ದಿಕೊಳ್ಳುತ್ತದೆ.

ಕೆಲವು ಕೀಲಿಗಳು ರೂಢಿಯಾಗಲಿ. ತಪ್ಪಿದ್ದನ್ನು ಹಿಂದಕ್ಕೆ ತರಲು ಕಂಟ್ರೋಲ್-ಝಡ್, ಹುಡುಕಲು ಕಂಟ್ರೋಲ್-ಎಫ್. ಕೈತಪ್ಪಿ ಮುಚ್ಚಿದ ಬ್ರೌಸರ್ ಪುಟ ಮತ್ತೆ ಬರಲು ಕಂಟ್ರೋಲ್-ಶಿಫ್ಟ್-ಟಿ. ವಿಂಡೋಸ್ ಕೀಲಿ ಮತ್ತು ವಿ ಒತ್ತಿ ಒಮ್ಮೆ ಒಪ್ಪಿಗೆ ಕೊಟ್ಟರೆ, ಅಲ್ಲಿಂದಾಚೆ ನೀನು ಕಾಪಿ ಮಾಡಿದ ಹಿಂದಿನವೂ ಪಟ್ಟಿಯಾಗಿ ಸಿಗುತ್ತವೆ. ಅಷ್ಟೇ ಸಾಕು, ಉಳಿದವು ತಾವೇ ಬರುತ್ತವೆ.

ಪೆನ್‌ಡ್ರೈವ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಅದು ಒಂದೂರಿಂದ ಇನ್ನೊಂದೂರಿಗೆ ಒಯ್ಯುವ ಕೈಚೀಲ, ತಿಜೋರಿ ಅಲ್ಲ. ಅದರಲ್ಲಿ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೂ ಬರುವುದಿಲ್ಲ, ನೇರ ಹೋಗಿಬಿಡುತ್ತದೆ. ಪೀಟರ್ ಕ್ರೋ ಅನ್ನುವ ಫೋಟೋಗ್ರಾಫರ್ ಒಬ್ಬರು ಬಳಕೆಗೆ ತಂದ ಲೆಕ್ಕವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಆಚೆ. ನಿನಗೆ ಅದು ಹೀಗಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳಬೇಕು. ನಿನ್ನ ಮಗುವಿನ ವಿಡಿಯೋಗಳೇ ಜಾಗ ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ. ಆದ್ದರಿಂದ ಸಂಘದ ಕಾಗದಪತ್ರ ನಿನ್ನ ಸ್ವಂತ ಖಾತೆಯಲ್ಲಿ ಬೇಡ.

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದ್ದರೆ ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೂರುತ್ತದೋ ನೋಡು, ಕೂರದಿದ್ದರೆ ಲಿನಕ್ಸ್ ಮಿಂಟ್ ಹಾಕಿಸು. ಲಿಬ್ರೆಆಫೀಸ್ ಎರಡರಲ್ಲೂ ಪುಕ್ಕಟೆ ನಡೆಯುತ್ತದೆ. ಕದ್ದ ಆಫೀಸ್ ಹಾಕಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡ, ಅದರ ಜೊತೆ ಇನ್ನೇನು ಬರುತ್ತದೋ ಹೇಳಲಾಗದು.

ಲ್ಯಾಪ್‌ಟಾಪ್ ಬಲ್ಲವಳು ಅಂತಾದ ಮೇಲೆ ಓಣಿಯವರೆಲ್ಲ ತಮ್ಮ ಫೋನು ತಂದು ನಿನ್ನ ಮುಂದೆ ಹಿಡಿಯುತ್ತಾರೆ. ಆಗ ಹೇಳಬೇಕಾದ್ದು ಇಷ್ಟು. ಯುಪಿಐನಲ್ಲಿ ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಹಣ ಬರುತ್ತದೆ ಅಂತ ಹೇಳಿ ಪಿನ್ ಕೇಳಿದರೆ ಹಣ ಹೋಗುತ್ತಿದೆ ಅಂತಲೇ ಅರ್ಥ. ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಬಂದ ಫೈಲಿನ ಹೆಸರು ಎಪಿಕೆ ಅಂತ ಮುಗಿದಿದ್ದರೆ ಮುಟ್ಟಬಾರದು, ಅದು ಆಪ್. ವಿಡಿಯೋ ಕಾಲಿನಲ್ಲಿ ಪೊಲೀಸ್ ವೇಷದಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಅಂದರೆ ಕಾಲ್ ಕಟ್ ಮಾಡಬೇಕು, ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಆಧಾರ್ ಪ್ರತಿ ಕೊಡಬೇಕಾದಲ್ಲಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಒಪ್ಪುತ್ತಾರಾ ಅಂತ ಮೊದಲು ಕೇಳಲಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಫೈಲು ಕಳಿಸಿದ್ದರೆ, ಪ್ರಿಂಟ್ ಆದ ಮೇಲೆ ಕಣ್ಣೆದುರೇ ಅಳಿಸಿಸಲಿ. ನಮ್ಮಲ್ಲಿಗೆ ಬಂದವರಿಗೆ ನಾನೇ ಕರೆದು ತೋರಿಸಿ ಅಳಿಸುತ್ತೇನೆ.

ಯಾರಾದರೂ ಮೋಸ ಹೋಗಿ ನಿನ್ನ ಹತ್ತಿರ ಅಳುತ್ತ ಬಂದರೆ, ಯಾಕೆ ಹಾಗೆ ಮಾಡಿದಿರಿ ಅಂತ ಕೇಳುತ್ತ ಕೂರಬೇಡ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸು. ಕಳ್ಳ ಹಣ ತೆಗೆಯುವ ಮುಂಚೆ ತಿಳಿಸಿದರೆ ಅದು ಹೋಗಿ ಸೇರಿದ ಖಾತೆಯಲ್ಲೇ ತಡೆಹಿಡಿಯುವ ದಾರಿ ಇದೆ, ತಡವಾದಷ್ಟೂ ಆ ದಾರಿ ಮುಚ್ಚುತ್ತದೆ. ವಹಿವಾಟಿನ ಸಂಖ್ಯೆ, ಬ್ಯಾಂಕಿನ ಎಸ್ಸೆಮ್ಮೆಸ್ ಅಳಿಸದೆ ಇಟ್ಟುಕೊಳ್ಳಲಿ. ಹೆಣ್ಣುಮಕ್ಕಳು ಮನೆಯಲ್ಲಿ ಬೈಯುತ್ತಾರೆ ಅಂತ ಹೆದರಿ ಎರಡು ದಿನ ಮುಚ್ಚಿಡುತ್ತಾರೆ, ಹಣ ಕೈಬಿಡುವುದೇ ಆ ಎರಡು ದಿನದಲ್ಲಿ. ಸಂಘದ ಸಭೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳು, ಆ ಸಂಖ್ಯೆಯನ್ನು ಎಲ್ಲರೂ ಫೋನಿನಲ್ಲಿ ಸೇವ್ ಮಾಡಿಕೊಳ್ಳುವವರೆಗೂ ಬಿಡಬೇಡ.

ಕಡೆಯದಾಗಿ ಸಂಘದ ಖಾತೆ. ಸಂಘದ ಹೆಸರಿನಲ್ಲೇ ಬೇರೆ ಜಿಮೇಲ್ ತೆರೆ. ಎರಡು ಹಂತದ ಪರಿಶೀಲನೆ ಹಾಕು, ನಿನ್ನ ನಂಬರಿನ ಜೊತೆ ಅಧ್ಯಕ್ಷೆಯ ನಂಬರನ್ನೂ ಸೇರಿಸು. ಪಾಸ್‌ವರ್ಡು ಉದ್ದವಿರಲಿ, ಬೇರೆ ಎಲ್ಲೂ ಬಳಸದ್ದಿರಲಿ. ಅದನ್ನು ಕಾಗದದಲ್ಲಿ ಬರೆದು, ಬ್ಯಾಕಪ್ ಕೋಡುಗಳನ್ನೂ ಪ್ರಿಂಟ್ ತೆಗೆದು, ಲಕೋಟೆಯಲ್ಲಿ ಮುಚ್ಚಿ ಠರಾವು ಪುಸ್ತಕದ ಜೊತೆ ಬೀರುವಿನಲ್ಲಿಡು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಅಳಿಸುವ ನಿಯಮ ಗೂಗಲ್‌ನಲ್ಲಿದೆ, ಆದ್ದರಿಂದ ಕೆಲಸವಿಲ್ಲದಿದ್ದರೂ ತಿಂಗಳಿಗೊಮ್ಮೆ ತೆರೆ. ಮುಂದಿನ ಕಾರ್ಯದರ್ಶಿ ಬಂದಾಗ ನಗದು ಪುಸ್ತಕ, ಪಾಸ್‌ಬುಕ್ ಒಪ್ಪಿಸುವ ದಿನವೇ ಈ ಲಕೋಟೆಯನ್ನೂ ಒಪ್ಪಿಸಿ, ಅವಳ ಕೈಯಲ್ಲೇ ಪಾಸ್‌ವರ್ಡು ಬದಲಾಯಿಸಿ, ಒಪ್ಪಿಸಿದ್ದಕ್ಕೆ ನಡಾವಳಿಯಲ್ಲಿ ಒಂದು ಸಾಲು ಬರೆಸಿ ಸಹಿ ತೆಗೆದುಕೋ.